ಮರುಭೂಮಿಯ ಸಂತ ಅಂತೋನಿ: ಶೋಧನೆಗಳ ನಡುವೆ ನೂರ ಐದು ವರ್ಷ

ಸಂತ ಅಂತೋನಿ ಎಂದ ಕೂಡಲೇ ನಮ್ಮ ಕಾಸರಗೋಡು, ಮಂಜೇಶ್ವರ, ಮಂಗಳೂರು ಕಡೆಯ ಕ್ರೈಸ್ತರ ಕಣ್ಣ ಮುಂದೆ ಬರುವವರು ಬಾಲಯೇಸುವನ್ನು ಎತ್ತಿಕೊಂಡ ಪಾದುವಾದ ಸಂತ ಅಂತೋನಿಯವರು. ಮಂಗಳವಾರದ ನೊವೆನಾ, ಜೂನ್ 13ರ ಹಬ್ಬ, ಕಳೆದುಹೋದ ವಸ್ತು ಸಿಗಲೆಂದು ಹಚ್ಚುವ ಮೇಣದಬತ್ತಿ ಎಲ್ಲವೂ ಅವರ ಹೆಸರಿನಲ್ಲಿ. ಮೈಸೂರು ಸೀಮೆಯ ದೋರನಹಳ್ಳಿಯ ಪ್ರಸಿದ್ಧ ಯಾತ್ರಾಸ್ಥಳವೂ ಅವರದೇ. ಆದರೆ ಅಂತೋನಿ ಎಂಬುದು ಅವರಿಗೆ ತಂದೆತಾಯಿ ಇಟ್ಟ ಹೆಸರಲ್ಲ. ಪೋರ್ಚುಗಲ್ ದೇಶದ ಲಿಸ್ಬನ್‌ನಲ್ಲಿ ಹುಟ್ಟಿದ ಅವರ ಮೊದಲ ಹೆಸರು ಫೆರ್ನಾಂಡೊ. 1220ರಲ್ಲಿ ಅವರು ಫ್ರಾನ್ಸಿಸ್ಕನ್ ಸಭೆಗೆ ಸೇರಿದಾಗ, ಕೊಯಿಂಬ್ರಾ ಪಟ್ಟಣದ ಹೊರಗಿದ್ದ ಆ ಪುಟ್ಟ ಆಶ್ರಮ ಯಾವ ಸಂತರ ಹೆಸರಿನಲ್ಲಿತ್ತೋ ಆ ಹೆಸರನ್ನೇ ತಾವೂ ಇಟ್ಟುಕೊಂಡರು.

ಆ ಹಿರಿಯ ಅಂತೋನಿ ಇವರಿಗಿಂತ ಸುಮಾರು 950 ವರ್ಷ ಮೊದಲು ಈಜಿಪ್ಟ್ ದೇಶದಲ್ಲಿ ಬಾಳಿದವರು. ಧರ್ಮಸಭೆ ಅವರನ್ನು ಮಹಾ ಅಂತೋನಿ ಎಂದೂ, ಸನ್ಯಾಸಿಗಳ ಪಿತಾಮಹ ಎಂದೂ ಕರೆಯುತ್ತದೆ. ಜನವರಿ 17 ಅವರ ಹಬ್ಬ. ಪ್ರಲೋಭನೆಯನ್ನು ಎದುರಿಸಿ ನಿಲ್ಲುವುದು ಎಂದರೇನು ಎಂಬ ಪ್ರಶ್ನೆಗೆ ಕ್ರೈಸ್ತ ಜಗತ್ತು ಕಳೆದ 1,600 ವರ್ಷಗಳಿಂದ ಬೆರಳು ಮಾಡಿ ತೋರಿಸುತ್ತಿರುವುದು ಅವರ ಬದುಕಿನ ಕಡೆಗೆ.

ಶೋಧನೆ ಎಂಬ ಮಾತು

ನಾವು ದಿನವೂ ಹೇಳುವ ಪ್ರಭುವಿನ ಪ್ರಾರ್ಥನೆಯಲ್ಲಿ ಶೋಧನೆ ಎಂಬ ಪದ ಬರುತ್ತದೆ. ಕನ್ನಡದಲ್ಲಿ ಈ ಪದಕ್ಕೆ ಹುಡುಕುವುದು, ಜಾಲಿಸಿ ಕಸ ತೆಗೆಯುವುದು, ಪರೀಕ್ಷಿಸುವುದು ಎಂಬ ಅರ್ಥಗಳೆಲ್ಲ ಇವೆ. ಅಕ್ಕಸಾಲಿಗ ಚಿನ್ನವನ್ನು ಪುಟಕ್ಕೆ ಹಾಕುವುದೂ ಒಂದು ಶೋಧನೆಯೇ. ಹೊಸ ಒಡಂಬಡಿಕೆಯ ಮೂಲ ಗ್ರೀಕ್ ಪದಕ್ಕೂ ಪರೀಕ್ಷೆ ಮತ್ತು ಪ್ರಲೋಭನೆ ಎಂಬ ಎರಡೂ ಅರ್ಥಗಳಿವೆ.

ಆದರೆ ದೇವರು ಯಾರನ್ನೂ ಕೆಡುಕಿಗೆ ಪ್ರೇರೇಪಿಸುವುದಿಲ್ಲ, ಮನುಷ್ಯನನ್ನು ಎಳೆಯುವುದು ಅವನ ಸ್ವಂತ ಆಸೆಯೇ ಎಂದು ಯಕೋಬನ ಪತ್ರ ಸ್ಪಷ್ಟವಾಗಿ ಹೇಳುತ್ತದೆ. ದೇವರೇ ನಮ್ಮನ್ನು ಪ್ರಲೋಭನೆಗೆ ತಳ್ಳುತ್ತಾರೆಂಬ ತಪ್ಪು ಅರ್ಥ ಬಾರದಿರಲೆಂದು ಇಟಾಲಿಯನ್ ಭಾಷೆಯ ಪೂಜಾಗ್ರಂಥದಲ್ಲಿ ಈ ಸಾಲಿನ ಅನುವಾದವನ್ನೇ ಬದಲಿಸಲಾಯಿತು. ಹೊಸ ಪಾಠ 2020ರ ನವೆಂಬರ್ ಕೊನೆಯಿಂದ ಬಳಕೆಗೆ ಬಂತು.

ಇನ್ನೊಂದು ಮುಖ್ಯ ವಿಷಯವಿದೆ. ಶೋಧನೆಗೆ ಒಳಗಾಗುವುದು ಪಾಪವಲ್ಲ. ಯೇಸುಸ್ವಾಮಿಯೇ 40 ದಿನ ಮರುಭೂಮಿಯಲ್ಲಿ ಉಪವಾಸವಿದ್ದು ಮೂರು ಸಲ ಶೋಧನೆಗೆ ಒಳಗಾದರು. ರೊಟ್ಟಿ, ಪವಾಡದ ಪ್ರದರ್ಶನ, ಲೋಕದ ಅಧಿಕಾರ ಈ ಮೂರನ್ನೂ ಅವರು ತಳ್ಳಿಹಾಕಿದರು. ಮನಸ್ಸಿಗೆ ಕೆಟ್ಟ ಯೋಚನೆ ಬಂದೊಡನೆ ತಾನು ಕೆಟ್ಟೆ ಎಂದು ಕೊರಗುವವರು ಮೊದಲು ಇದನ್ನು ತಿಳಿಯಬೇಕು. ಬಾಗಿಲು ಬಡಿಯುವುದು ಬೇರೆ, ಒಳಗೆ ಕರೆದು ಮಣೆ ಹಾಕುವುದು ಬೇರೆ. ಅಂತೋನಿಯವರ ಬದುಕೆಲ್ಲ ಈ ಎರಡರ ನಡುವಿನ ವ್ಯತ್ಯಾಸದ ಕಥೆ.

ಹೊಲ, ತಂಗಿ ಮತ್ತು ಒಂದು ವಾಕ್ಯ

ಅಂತೋನಿಯವರು ಹುಟ್ಟಿದ್ದು ಸುಮಾರು ಕ್ರಿ.ಶ. 251ರಲ್ಲಿ, ಮಧ್ಯ ಈಜಿಪ್ಟಿನ ಕೋಮಾ ಎಂಬ ಹಳ್ಳಿಯಲ್ಲಿ. ಮನೆಯವರು ಕ್ರೈಸ್ತರು, ಅನುಕೂಲಸ್ಥರು. ಹುಡುಗನಿಗೆ ಶಾಲೆಯ ಪಾಠದಲ್ಲಿ ಮನಸ್ಸಿರಲಿಲ್ಲ. ಮನೆ ಮತ್ತು ದೇವಾಲಯ ಬಿಟ್ಟರೆ ಬೇರೆ ಲೋಕ ಗೊತ್ತಿರಲಿಲ್ಲ. ಆಡುತ್ತಿದ್ದ ಭಾಷೆ ಕೋಪ್ಟಿಕ್. ಆ ಕಾಲದ ವಿದ್ಯಾವಂತರ ಭಾಷೆಯಾದ ಗ್ರೀಕ್ ಅವರಿಗೆ ಕೊನೆಯವರೆಗೂ ಬರಲಿಲ್ಲ. ದೊಡ್ಡ ಪಂಡಿತರು ಭೇಟಿಗೆ ಬಂದಾಗಲೂ ದುಭಾಷಿಗಳ ಮೂಲಕವೇ ಮಾತಾಡಿದರು.

ಹದಿನೆಂಟೋ ಇಪ್ಪತ್ತೋ ವರ್ಷ ವಯಸ್ಸಿನಲ್ಲಿ ತಂದೆ ತಾಯಿ ಇಬ್ಬರೂ ತೀರಿಕೊಂಡರು. ಫಲವತ್ತಾದ 300 ಅರೂರ ಜಮೀನು, ಅಂದರೆ ನಮ್ಮ ಲೆಕ್ಕದಲ್ಲಿ ಸುಮಾರು 200 ಎಕರೆ, ಮತ್ತು ಒಬ್ಬಳು ಪುಟ್ಟ ತಂಗಿ ಅವರ ಪಾಲಿಗೆ ಬಂದರು. ಆರು ತಿಂಗಳು ಕಳೆದಿರಲಿಲ್ಲ. ಒಂದು ದಿನ ದೇವಾಲಯಕ್ಕೆ ಹೋಗುವಾಗ, ಪ್ರೇಷಿತರು ಎಲ್ಲವನ್ನೂ ಬಿಟ್ಟು ಯೇಸುವನ್ನು ಹಿಂಬಾಲಿಸಿದ್ದು ಹೇಗೆ ಎಂದು ಯೋಚಿಸುತ್ತಾ ನಡೆದಿದ್ದರು. ಒಳಗೆ ಕಾಲಿಟ್ಟಾಗ ಮತ್ತಾಯನ ಶುಭಸಂದೇಶದಿಂದ ಶ್ರೀಮಂತ ಯುವಕನ ಪ್ರಸಂಗ ಓದುತ್ತಿದ್ದರು. ಪರಿಪೂರ್ಣನಾಗಬೇಕಾದರೆ ಇದ್ದುದನ್ನೆಲ್ಲ ಮಾರಿ ಬಡವರಿಗೆ ಕೊಟ್ಟು ತನ್ನನ್ನು ಹಿಂಬಾಲಿಸು ಎಂದು ಯೇಸು ಆ ಯುವಕನಿಗೆ ಹೇಳುವ ಭಾಗವದು. ಶುಭಸಂದೇಶದ ಆ ಯುವಕ ದುಃಖದಿಂದ ತಿರುಗಿ ಹೋದ. ಈಜಿಪ್ಟಿನ ಈ ಯುವಕ ಹೊರಗೆ ಬಂದವರೇ ಜಮೀನನ್ನು ಊರವರಿಗೆ ಬಿಟ್ಟುಕೊಟ್ಟರು. ಸಾಮಾನು ಸರಂಜಾಮು ಮಾರಿ ಬಂದ ಹಣವನ್ನು ಬಡವರಿಗೆ ಹಂಚಿದರು. ತಂಗಿಗೆಂದು ಸ್ವಲ್ಪ ಇಟ್ಟುಕೊಂಡರು. ಇನ್ನೊಂದು ದಿನ ನಾಳೆಯ ಚಿಂತೆ ಬೇಡವೆಂಬ ವಾಕ್ಯ ಕೇಳಿ ಅದನ್ನೂ ಕೊಟ್ಟುಬಿಟ್ಟರು. ತಂಗಿಯನ್ನು ಪರಿಚಯದ, ನಂಬಿಕಸ್ಥರಾದ ಕನ್ಯೆಯರ ಬಳಿ ಬಿಟ್ಟು ತಾವು ಪ್ರಾರ್ಥನೆಯ ಬದುಕಿಗೆ ಇಳಿದರು.

ಆಗ ಸನ್ಯಾಸಿ ಮಠಗಳು ಇರಲಿಲ್ಲ. ಊರಾಚೆ ಒಂಟಿಯಾಗಿ ಬದುಕುವ ಭಕ್ತರು ಅಲ್ಲೊಬ್ಬರು ಇಲ್ಲೊಬ್ಬರು ಇದ್ದರು. ಅಂತೋನಿಯವರು ಅವರನ್ನು ಹುಡುಕಿಕೊಂಡು ಹೋಗಿ ಒಬ್ಬರಿಂದ ತಾಳ್ಮೆ, ಇನ್ನೊಬ್ಬರಿಂದ ಸೌಮ್ಯತೆ, ಮತ್ತೊಬ್ಬರಿಂದ ಜಾಗರಣೆ ಹೀಗೆ ಒಂದೊಂದು ಗುಣವನ್ನು ಕಲಿತರು. ದುಡಿಯದವನು ಉಣ್ಣಬಾರದೆಂಬ ಸಂತ ಪೌಲರ ಮಾತಿನಂತೆ ಕೈಕೆಲಸ ಮಾಡಿ ರೊಟ್ಟಿ ಸಂಪಾದಿಸಿದರು. ಉಳಿದದ್ದು ಬಡವರಿಗೆ ಹೋಗುತ್ತಿತ್ತು.

ಒಳ್ಳೆಯ ಮುಖವಾಡದಲ್ಲಿ ಬಂದ ಶೋಧನೆ

ಅವರ ಮೇಲೆ ಬಂದ ಮೊದಲ ದಾಳಿ ನಾವು ಚಿತ್ರಗಳಲ್ಲಿ ನೋಡುವಂಥ ಕೊಂಬಿನ ಪಿಶಾಚಿಗಳದ್ದಲ್ಲ. ಅದು ಬಂದದ್ದು ಯೋಚನೆಯ ರೂಪದಲ್ಲಿ. ಅಲೆಕ್ಸಾಂಡ್ರಿಯಾದ ಬಿಷಪ್ ಸಂತ ಅಥನಾಸಿಯುಸರು ಬರೆದ ಜೀವನಚರಿತ್ರೆ ಅದನ್ನು ಸಾಲಾಗಿ ಕೊಡುತ್ತದೆ. ಬಿಟ್ಟುಬಂದ ಆಸ್ತಿಯ ನೆನಪು, ತಂಗಿಯ ಚಿಂತೆ, ಬಂಧುಗಳ ಸೆಳೆತ, ಹಣದ ಆಸೆ, ಹೆಸರಿನ ಆಸೆ, ರುಚಿಯಾದ ಊಟದ ನೆನಪು, ಕೊನೆಗೆ ಈ ದಾರಿ ಬಲು ಕಷ್ಟ, ದೇಹ ಬಲಹೀನ, ಇನ್ನೂ ಎಷ್ಟು ವರ್ಷ ಹೀಗೇ ಕಳೆಯಬೇಕು ಎಂಬ ದಣಿವು.

ಈ ಪಟ್ಟಿಯನ್ನು ಸ್ವಲ್ಪ ನಿಂತು ನೋಡಬೇಕು. ಇದರಲ್ಲಿ ಅರ್ಧದಷ್ಟು ಸಂಗತಿಗಳು ಕೆಟ್ಟವೇ ಅಲ್ಲ. ತಬ್ಬಲಿ ತಂಗಿಯ ಬಗ್ಗೆ ಅಣ್ಣನಿಗೆ ಚಿಂತೆ ಇರಬೇಕಾದದ್ದೇ. ಹಿರಿಯರ ಹೊಲದ ಮೇಲೆ ಅಭಿಮಾನ ಸಹಜ. ಇಂದಿನ ಓದುಗರಿಗೆ ಅಂತೋನಿಯವರು ತಂಗಿಯನ್ನು ಬಿಟ್ಟು ಹೋದದ್ದು ಸರಿಯೇ ಎಂಬ ಅನುಮಾನವೂ ಬರಬಹುದು. ಆ ಅನುಮಾನ ಅವರನ್ನೂ ಬಿಟ್ಟಿರಲಿಲ್ಲ. ಪ್ರಲೋಭನೆ ಯಾವಾಗಲೂ ಕೆಟ್ಟದ್ದರ ಹೆಸರು ಹೇಳಿಕೊಂಡು ಬರುವುದಿಲ್ಲ ಎಂಬುದನ್ನು ಈ ಭಾಗ ತಿಳಿಸುತ್ತದೆ. ಮೀನಿಗೆ ಗಾಳ ತೋರಿಸಿ ಯಾರೂ ಹಿಡಿಯುವುದಿಲ್ಲ, ಅದರ ಮೇಲೆ ಎರೆಹುಳು ಇರುತ್ತದೆ. ಒಂದು ಕರ್ತವ್ಯದ ನೆಪದಿಂದ ಇನ್ನೊಂದು ಕರೆಯನ್ನು ಮರೆಸುವುದು ಅತಿ ಹಳೆಯ ಉಪಾಯ.

ಇದು ಫಲಿಸದಿದ್ದಾಗ ಯೌವನದ ಕಾಮನೆಗಳು ಕಾಡಿದವು. ಹಗಲು ಮನಸ್ಸನ್ನು ಕಲಕಿದವು, ರಾತ್ರಿ ಹೆಣ್ಣಿನ ರೂಪದಲ್ಲಿ ಕಂಡವು. ಅಂತೋನಿಯವರು ಪ್ರಾರ್ಥನೆ, ಉಪವಾಸ, ಜಾಗರಣೆಗಳಿಂದ ಎದುರು ನಿಂತರು. ದಿನಕ್ಕೊಮ್ಮೆ ಸೂರ್ಯ ಮುಳುಗಿದ ಮೇಲೆ ಊಟ. ಊಟವೆಂದರೆ ರೊಟ್ಟಿ, ಉಪ್ಪು, ನೀರು. ಮಲಗಲು ಚಾಪೆ, ಹಲವು ಸಲ ಬರಿ ನೆಲ. ಈ ಮೊದಲ ಗೆಲುವನ್ನು ಅಥನಾಸಿಯುಸರು ಅಂತೋನಿಯವರ ಗೆಲುವೆಂದು ಬರೆಯದೆ ಅವರೊಳಗಿದ್ದ ಪ್ರಭುವಿನ ಗೆಲುವೆಂದು ಬರೆದಿದ್ದಾರೆ. ಇಡೀ ಪುಸ್ತಕದ ತಿರುಳು ಇದು. ಕ್ರೈಸ್ತ ವಿಶ್ವಾಸದಲ್ಲಿ ಶೋಧನೆಯನ್ನು ಗೆಲ್ಲುವುದು ಬರೀ ಮನೋಬಲದ ಕಸರತ್ತಲ್ಲ, ದೇವರ ಕೃಪೆಗೆ ಕೈಜೋಡಿಸುವ ಕೆಲಸ.

ಸಮಾಧಿಯ ರಾತ್ರಿ

ಮುಂದೆ ಅವರು ಊರಿನಿಂದ ದೂರದ ಒಂದು ಹಳೆಯ ಸಮಾಧಿಯೊಳಗೆ ವಾಸಕ್ಕೆ ಹೋದರು. ಈಜಿಪ್ಟಿನ ಸಮಾಧಿಗಳು ಕೋಣೆಗಳ ಹಾಗೆ ಇರುತ್ತಿದ್ದವು. ಪರಿಚಯದ ಒಬ್ಬ ವ್ಯಕ್ತಿ ಆಗಾಗ ರೊಟ್ಟಿ ತಂದುಕೊಡುತ್ತಿದ್ದ. ಒಂದು ದಿನ ಆತ ಬಂದಾಗ ಅಂತೋನಿಯವರು ಪೆಟ್ಟು ತಿಂದು ನೆಲದ ಮೇಲೆ ಪ್ರಜ್ಞೆಯಿಲ್ಲದೆ ಬಿದ್ದಿದ್ದರು. ಪಿಶಾಚಿಗಳು ಹೊಡೆದವೆಂದು ಚರಿತ್ರೆ ಹೇಳುತ್ತದೆ. ಆತ ಅವರನ್ನು ಹೊತ್ತು ಊರಿನ ದೇವಾಲಯಕ್ಕೆ ತಂದ. ಜನ ಸತ್ತವರ ಸುತ್ತ ಕೂರುವಂತೆ ಕೂತರು. ನಡುರಾತ್ರಿ ಎಚ್ಚರವಾದಾಗ ಎಲ್ಲರೂ ನಿದ್ದೆಯಲ್ಲಿದ್ದರು, ಆ ಗೆಳೆಯ ಒಬ್ಬನೇ ಎದ್ದಿದ್ದ. ಯಾರನ್ನೂ ಎಬ್ಬಿಸದೆ ತನ್ನನ್ನು ಮತ್ತೆ ಅಲ್ಲಿಗೇ ಹೊತ್ತುಕೊಂಡು ಹೋಗುವಂತೆ ಅಂತೋನಿಯವರು ಅವನಿಗೆ ಸನ್ನೆ ಮಾಡಿದರು.

ನಿಲ್ಲಲು ಶಕ್ತಿಯಿರಲಿಲ್ಲ. ಮಲಗಿಕೊಂಡೇ ಪ್ರಾರ್ಥಿಸಿದರು. ಆ ರಾತ್ರಿ ಸಿಂಹ, ಕರಡಿ, ಚಿರತೆ, ಹೋರಿ, ಹಾವು, ಚೇಳು, ತೋಳಗಳ ರೂಪದಲ್ಲಿ ಭಯ ಬಂದು ಕೋಣೆ ತುಂಬಿತು. ನಿಜವಾದ ಶಕ್ತಿಯಿದ್ದಿದ್ದರೆ ಇಷ್ಟು ಮಂದಿ ಗುಂಪು ಕಟ್ಟಿ ಬರಬೇಕಿರಲಿಲ್ಲ, ಒಬ್ಬನೇ ಸಾಕಿತ್ತು ಎಂದು ಅಂತೋನಿಯವರು ಅವನ್ನು ಹಾಸ್ಯ ಮಾಡಿದರು. ಕೊನೆಗೆ ಮೇಲಿನಿಂದ ಬೆಳಕಿನ ಕಿರಣ ಇಳಿಯಿತು, ನೋವು ನಿಂತಿತು. ಆಗ ಅವರು ಮಾಡಿದ್ದು ಸ್ತೋತ್ರವಲ್ಲ, ದೂರು. ಮೊದಲೇ ಯಾಕೆ ಬರಲಿಲ್ಲ, ಇಷ್ಟು ಹೊತ್ತು ಎಲ್ಲಿದ್ದಿರಿ ಎಂದು ದೇವರನ್ನು ಕೇಳಿದರು. ತಾನು ಅಲ್ಲೇ ಇದ್ದೆ, ನಿನ್ನ ಹೋರಾಟವನ್ನು ನೋಡುತ್ತಾ ಇದ್ದೆ, ನೀನು ಸೋಲದೆ ನಿಂತಿದ್ದರಿಂದ ಇನ್ನು ಮುಂದೆ ಸದಾ ನಿನಗೆ ನೆರವಾಗುವೆ ಎಂಬ ಅರ್ಥದ ಉತ್ತರ ಬಂತು. ಆಗ ಅವರಿಗೆ ಸುಮಾರು 35 ವರ್ಷ.

ಕಾಯಿಲೆಯ ಹಾಸಿಗೆಯ ಪಕ್ಕದಲ್ಲಿ, ಸಾಲದ ಕಾಗದದ ಮುಂದೆ, ಕುಡಿತ ಬಿಡಲು ಒದ್ದಾಡುವ ರಾತ್ರಿಯಲ್ಲಿ ಎಷ್ಟೋ ಜನ ಕೇಳುವ ಪ್ರಶ್ನೆ ಇದೇ ತಾನೇ? ಸಂತರೂ ಅದನ್ನು ಕೇಳಿದ್ದಾರೆ ಎಂಬುದೇ ಒಂದು ಸಮಾಧಾನ. ದೇವರು ಮೌನವಾಗಿದ್ದಾರೆ ಎಂದರೆ ದೂರ ಹೋಗಿದ್ದಾರೆ ಎಂದರ್ಥವಲ್ಲ ಎಂಬುದು ಈ ಘಟನೆಯ ಪಾಠ.

ಬೆಳ್ಳಿ ತಟ್ಟೆ ಮತ್ತು ಇಪ್ಪತ್ತು ವರ್ಷದ ಕೋಟೆ

ಮರುದಿನವೇ ಅವರು ಮರುಭೂಮಿಯತ್ತ ಹೊರಟರು. ದಾರಿಯಲ್ಲಿ ಒಂದು ದೊಡ್ಡ ಬೆಳ್ಳಿ ತಟ್ಟೆ ಬಿದ್ದಿತ್ತು. ಜನ ಓಡಾಡದ ಕಡೆ ಇದೆಲ್ಲಿಂದ ಬಂತು, ಇಷ್ಟು ದೊಡ್ಡದು ಬಿದ್ದರೆ ಕಳಕೊಂಡವನಿಗೆ ಗೊತ್ತಾಗುತ್ತಿರಲಿಲ್ಲವೇ ಎಂದು ಯೋಚಿಸಿ ಇದು ಬಲೆ ಎಂದು ತಿಳಿದರು. ತಟ್ಟೆ ಮಾಯವಾಯಿತು. ಮುಂದೆ ನಿಜವಾದ ಚಿನ್ನವೇ ಕಂಡಿತು. ಈ ಸಲ ಯೋಚಿಸಲೂ ನಿಲ್ಲಲಿಲ್ಲ, ಬೆಂಕಿ ದಾಟುವವರಂತೆ ದಾಟಿ ಓಡಿದರು. ಕೆಲವು ಪ್ರಲೋಭನೆಗಳನ್ನು ವಿಚಾರ ಮಾಡಿ ಬಿಡಿಸಬೇಕು, ಕೆಲವುಗಳ ಮುಂದೆ ನಿಲ್ಲದೆ ಓಡಬೇಕು. ಯಾವುದು ಯಾವುದೆಂದು ತಿಳಿಯುವುದೇ ವಿವೇಕ.

ನೈಲ್ ನದಿಯ ಆಚೆ ದಡದಲ್ಲಿ ಪಾಳುಬಿದ್ದ ಒಂದು ಕೋಟೆ ಸಿಕ್ಕಿತು. ಆರು ತಿಂಗಳಿಗಾಗುವಷ್ಟು ಒಣರೊಟ್ಟಿ ಇಟ್ಟುಕೊಂಡು ಬಾಗಿಲು ಮುಚ್ಚಿದರು. ವರ್ಷಕ್ಕೆ ಎರಡು ಸಲ ಗೆಳೆಯರು ಮೇಲಿನಿಂದ ರೊಟ್ಟಿ ಇಳಿಸುತ್ತಿದ್ದರು. ಹೀಗೆ ಸುಮಾರು 20 ವರ್ಷ ಕಳೆಯಿತು. ಸುಮಾರು 305ರಲ್ಲಿ, ಅವರಂತೆ ಬದುಕಬೇಕೆಂದು ಹಂಬಲಿಸಿದ ಜನ ಬಾಗಿಲು ಮುರಿದು ತೆರೆದರು. ಎಲುಬಿನ ಗೂಡೋ ಹುಚ್ಚನೋ ಹೊರಗೆ ಬರಬಹುದೆಂದು ಕೆಲವರು ಎಣಿಸಿದ್ದರೇನೋ. ಬಂದವರು ಬೊಜ್ಜೂ ಇಲ್ಲದೆ ಸೊರಗಿಯೂ ಇಲ್ಲದೆ ಹಿಂದಿನಂತೆಯೇ ಇದ್ದರು. ಜನಸಂದಣಿ ಕಂಡು ಗಾಬರಿಯಾಗಲಿಲ್ಲ, ಇಷ್ಟೊಂದು ಮಂದಿಯ ನಮಸ್ಕಾರಕ್ಕೆ ಹಿಗ್ಗಲೂ ಇಲ್ಲ. ಮನಸ್ಸು ತಕ್ಕಡಿಯ ಮುಳ್ಳಿನಂತೆ ನೆಟ್ಟಗೆ ನಿಂತಿತ್ತು. ಅಂದಿನಿಂದ ಅಲ್ಲಿಯ ಗುಡ್ಡಗಳಲ್ಲಿ ಸನ್ಯಾಸಿಗಳ ಗುಡಿಸಲುಗಳು ಎದ್ದವು.

ಸಾವನ್ನು ಬಯಸುವುದೂ ಸರಿಯೇ?

ಆ ವರ್ಷಗಳಲ್ಲಿ ರೋಮ್ ಸಾಮ್ರಾಜ್ಯದಲ್ಲಿ ಕ್ರೈಸ್ತರ ಮೇಲೆ ಭೀಕರ ಹಿಂಸೆ ನಡೆದಿತ್ತು. 311ರಲ್ಲಿ ಮಾಕ್ಸಿಮಿನುಸ್ ದೊರೆಯ ಕಾಲದಲ್ಲಿ ಅಲೆಕ್ಸಾಂಡ್ರಿಯಾದ ಬಿಷಪ್ ಪೇತ್ರರು ಹುತಾತ್ಮರಾದರು. ಅಂತೋನಿಯವರು ಮರುಭೂಮಿ ಬಿಟ್ಟು ನಗರಕ್ಕೆ ಬಂದರು. ಗಣಿಗಳಲ್ಲಿ, ಸೆರೆಮನೆಗಳಲ್ಲಿ ಇದ್ದ ಕ್ರೈಸ್ತರ ಸೇವೆ ಮಾಡಿದರು. ವಿಚಾರಣೆಗೆ ನಿಂತವರಿಗೆ ಧೈರ್ಯ ತುಂಬಿದರು. ಸನ್ಯಾಸಿಗಳು ನ್ಯಾಯಾಲಯದ ಕಡೆ ಕಾಣಿಸಿಕೊಳ್ಳಬಾರದು, ನಗರದಲ್ಲೂ ಇರಬಾರದು ಎಂದು ಅಧಿಕಾರಿ ಆಜ್ಞೆ ಮಾಡಿದಾಗ ಬೇರೆಯವರು ಅಡಗಿಕೊಂಡರು. ಅಂತೋನಿಯವರು ಮೇಲುಡುಗೆ ಒಗೆದು ಶುಭ್ರವಾಗಿ ಉಟ್ಟುಕೊಂಡು ಮರುದಿನ ಅಧಿಕಾರಿಯ ಕಣ್ಣಿಗೆ ಬೀಳುವಂತೆ ಎತ್ತರದ ಜಾಗದಲ್ಲಿ ನಿಂತರು.

ತಾವೂ ಹುತಾತ್ಮರಾಗಬೇಕೆಂಬ ಆಸೆ ಅವರಿಗಿತ್ತು. ಆದರೆ ತಾವಾಗಿ ಹೋಗಿ ಕೊರಳೊಡ್ಡಲಿಲ್ಲ. ಯಾರೂ ಹಿಡಿಯಲಿಲ್ಲ. ಹುತಾತ್ಮರಾಗದ ದುಃಖವನ್ನೂ ನುಂಗಿಕೊಂಡು, ಹಿಂಸೆ ನಿಂತ ಮೇಲೆ ತಮ್ಮ ಗುಡ್ಡಕ್ಕೆ ಮರಳಿದರು. ದೊಡ್ಡದೊಂದನ್ನು ಮಾಡಿ ಒಂದೇ ಏಟಿಗೆ ಪುಣ್ಯ ಪಡೆಯಬೇಕೆಂಬ ಆತುರವೂ ಶೋಧನೆಯಾಗಬಲ್ಲದು. ದೇವರು ಅವರಿಂದ ಕೇಳಿದ್ದು ದಿನದಿನದ ಬಾಳು, ಅದೂ ಇನ್ನೂ ನಲವತ್ತೈದು ವರ್ಷ.

ಕೀರ್ತಿಯ ಕಾಟ

ಜನ ಬರುವುದು ಹೆಚ್ಚಾಯಿತು. ರೋಗಿಗಳು, ವ್ಯಾಜ್ಯದವರು, ಅಧಿಕಾರಿಗಳು, ಕುತೂಹಲಿಗಳು ಎಲ್ಲರೂ ಬಂದರು. ಹೀಗೇ ಇದ್ದರೆ ತನಗೂ ಅಹಂಕಾರ ಬಂದೀತು, ಜನರೂ ತನ್ನನ್ನು ಇರುವುದಕ್ಕಿಂತ ದೊಡ್ಡವನೆಂದು ಎಣಿಸಿಯಾರು ಎಂಬ ಹೆದರಿಕೆ ಅಂತೋನಿಯವರಿಗಾಯಿತು. ಅರಬ್ ವ್ಯಾಪಾರಿಗಳ ಜೊತೆ ಮೂರು ಹಗಲು ಮೂರು ರಾತ್ರಿ ನಡೆದು ಕೆಂಪು ಸಮುದ್ರದ ಕಡೆಯ ಒಂದು ಬೆಟ್ಟದ ಬುಡಕ್ಕೆ ಹೋದರು. ಅಲ್ಲಿ ಸಿಹಿನೀರಿನ ಒರತೆ, ಕೆಲವು ಖರ್ಜೂರದ ಮರಗಳು. ತನಗೆ ರೊಟ್ಟಿ ಹೊತ್ತು ತರುವವರಿಗೆ ಶ್ರಮವಾಗಬಾರದೆಂದು ಸಲಕರಣೆ, ಬೀಜ ತರಿಸಿ ಗೋಧಿ ಬಿತ್ತಿದರು. ಬರುವ ಅತಿಥಿಗಳಿಗೆಂದು ಒಂದಿಷ್ಟು ತರಕಾರಿಯನ್ನೂ ಬೆಳೆದರು. ಇನ್ನೂರು ಎಕರೆ ಬಿಟ್ಟುಬಂದವರು ಮತ್ತೆ ಒಂದು ಅಂಗೈಯಗಲದ ಹೊಲ ಮಾಡಿದರು. ಈ ಸಲ ಅದು ಬೇರೆಯವರಿಗಾಗಿ.

ಕೀರ್ತಿ ಅಲ್ಲಿಗೂ ಬಂತು. ಕಾನ್‌ಸ್ಟಂಟೈನ್ ಚಕ್ರವರ್ತಿ ಮತ್ತು ಅವರ ಮಕ್ಕಳು ಪತ್ರ ಬರೆದರು. ಶಿಷ್ಯರು ಸಂಭ್ರಮಪಟ್ಟರು. ಚಕ್ರವರ್ತಿಯೂ ಮನುಷ್ಯನೇ, ಅವನು ಬರೆದದ್ದರಲ್ಲಿ ಅಚ್ಚರಿಯೇನಿದೆ, ದೇವರು ಮನುಷ್ಯರಿಗೆ ತಮ್ಮ ಮಗನ ಮೂಲಕ ಮಾತಾಡಿದ್ದು ಅಚ್ಚರಿ ಎಂದು ಅಂತೋನಿಯವರು ತಿಳಿಹೇಳಿದರು. ಉತ್ತರ ಬರೆಯಲು ಮೊದಲು ಮನಸ್ಸು ಮಾಡಲಿಲ್ಲ. ಬಳಿಕ ಶಿಷ್ಯರ ಒತ್ತಾಯಕ್ಕೆ ಒಪ್ಪಿ, ನ್ಯಾಯತೀರ್ಪಿನ ದಿನವನ್ನು ನೆನೆಯಿರಿ, ಬಡವರ ಕಡೆ ನೋಡಿರಿ ಎಂಬ ಅರ್ಥದ ಓಲೆ ಕಳಿಸಿದರು.

ಮರುಭೂಮಿಯ ಹಿರಿಯರ ಬಗ್ಗೆ ಉಳಿದುಬಂದ ಸಂಗ್ರಹಗಳಲ್ಲಿ ಒಂದು ಪ್ರಸಂಗವಿದೆ. ನಗರದಲ್ಲಿ ನಿನಗೆ ಸಮಾನನಾದ ಒಬ್ಬನಿದ್ದಾನೆ ಎಂದು ಅಂತೋನಿಯವರಿಗೆ ತಿಳಿದುಬಂತಂತೆ. ಆತ ಒಬ್ಬ ವೈದ್ಯ. ತನ್ನ ಖರ್ಚಿಗೆ ಮೀರಿದ್ದನ್ನು ಬಡವರಿಗೆ ಕೊಡುತ್ತಿದ್ದ, ದೇವರನ್ನು ಸ್ತುತಿಸುತ್ತಿದ್ದ, ಅಷ್ಟೇ. ಸನ್ಯಾಸಿ ಮೇಲು, ಸಂಸಾರಿ ಕೀಳು ಎಂಬ ಗರ್ವಕ್ಕೆ ಇದು ಮದ್ದು. ಇನ್ನೊಂದು ಪ್ರಸಂಗದಲ್ಲಿ, ಅಂತೋನಿಯವರು ಶಿಷ್ಯರೊಡನೆ ನಗುತ್ತಾ ಮಾತಾಡುವುದನ್ನು ಕಂಡು ಒಬ್ಬ ಬೇಟೆಗಾರ ಮುಖ ಸಿಂಡರಿಸಿದ. ಬಿಲ್ಲು ಎಳೆ ಎಂದರು, ಎಳೆದ. ಇನ್ನೂ ಎಳೆ ಎಂದರು. ಮತ್ತೂ ಎಳೆ ಎಂದಾಗ ಬಿಲ್ಲು ಮುರಿದೀತು ಎಂದ ಬೇಟೆಗಾರ. ಮನುಷ್ಯನ ಮನಸ್ಸೂ ಹಾಗೆಯೇ ಎಂದು ಅವನಿಗೇ ಅರ್ಥವಾಯಿತು. ಅತಿಯಾದ ಉಪವಾಸದಿಂದ ದೇಹ ಕೆಡಿಸಿಕೊಂಡು ವಿವೇಕ ಕಳಕೊಂಡವರು ದೇವರಿಂದ ದೂರವಾದರೆಂದು ಅವರು ಎಚ್ಚರಿಸುತ್ತಿದ್ದರು. ತಪಸ್ಸೂ ಶೋಧನೆಯಾಗುತ್ತದೆ.

ಶಿಷ್ಯರಿಗೆ ಕೊಟ್ಟ ಉಪಾಯಗಳು

ಅಂತೋನಿಯವರ ಹೆಸರಿನಲ್ಲಿ ಏಳು ಪತ್ರಗಳು ಉಳಿದಿವೆ. ಅವು ಅವರವೇ ಎಂದು ಇಂದಿನ ಅನೇಕ ವಿದ್ವಾಂಸರು ಒಪ್ಪುತ್ತಾರೆ. ಪತ್ರ, ಚರಿತ್ರೆ, ಸಂಗ್ರಹಗಳಲ್ಲಿ ಕಾಣುವ ಅವರ ಬೋಧನೆ ಸರಳವಾದುದು.

ಮೊದಲನೆಯದು, ಹೆದರಬೇಡಿ ಎಂಬುದು. ಕ್ರಿಸ್ತನ ಶಿಲುಬೆಯ ನಂತರ ಸೈತಾನನಿಗೆ ಗದ್ದಲ ಮಾಡುವ ಶಕ್ತಿ ಉಳಿದಿದೆಯೇ ಹೊರತು ಗೆಲ್ಲುವ ಶಕ್ತಿ ಉಳಿದಿಲ್ಲ.

ಎರಡನೆಯದು, ಗುರುತಿಸಲು ಕಲಿಯಿರಿ ಎಂಬುದು. ದೇವರಿಂದ ಬಂದ ಪ್ರೇರಣೆ ಮನಸ್ಸಿಗೆ ಶಾಂತಿ ಕೊಡುತ್ತದೆ. ಕೇಡಿನಿಂದ ಬಂದದ್ದು ಗಲಿಬಿಲಿ, ಭಯ, ಬೇಸರ ಬಿಟ್ಟುಹೋಗುತ್ತದೆ.

ಮೂರನೆಯದು, ದಿನವೂ ಇಂದೇ ಆರಂಭಿಸುತ್ತಿದ್ದೇನೆ ಎಂಬಂತೆ ಬದುಕಿ ಎಂಬುದು. ನಿನ್ನೆಯ ಗೆಲುವಿನ ಮೇಲೆ ಮಲಗಬಾರದು, ನಿನ್ನೆಯ ಸೋಲಿಗೆ ಅಳುತ್ತಲೂ ಕೂರಬಾರದು.

ನಾಲ್ಕನೆಯದು ಬಹಳ ಪ್ರಾಯೋಗಿಕ. ನಿಮ್ಮ ಕೆಲಸಗಳನ್ನೂ ಯೋಚನೆಗಳನ್ನೂ ಇನ್ನೊಬ್ಬರಿಗೆ ಒಪ್ಪಿಸಬೇಕೆಂಬಂತೆ ಬರೆದಿಡಿ ಎಂದರು. ಬೇರೆಯವರು ನೋಡುತ್ತಿರುವಾಗ ತಪ್ಪು ಮಾಡಲು ನಾಚುತ್ತೇವೆ. ಬರೆದ ಓಲೆಯೇ ಆ ಇನ್ನೊಬ್ಬರ ಕಣ್ಣಿನ ಕೆಲಸ ಮಾಡುತ್ತದೆ. ಅಕ್ಷರ ಕಲಿಯಲು ಒಲ್ಲದವರೇ ಬರೆದಿಡಲು ಹೇಳಿದ್ದು ಸ್ವಾರಸ್ಯ.

ಬೇಸರ ಬಂದಾಗ ಏನು ಮಾಡಬೇಕೆಂಬುದಕ್ಕೂ ಒಂದು ಕಥೆಯಿದೆ. ಒಮ್ಮೆ ಮನಸ್ಸು ಕವಿದುಹೋಗಿ ಅಂತೋನಿಯವರು ದೇವರಲ್ಲಿ ಮೊರೆಯಿಟ್ಟರು. ಹೊರಗೆ ಬಂದು ನೋಡಿದರೆ ತನ್ನಂತೆಯೇ ಇರುವ ಒಬ್ಬರು ಕೂತು ಹಗ್ಗ ಹೊಸೆಯುತ್ತಿದ್ದರು, ಎದ್ದು ಪ್ರಾರ್ಥಿಸುತ್ತಿದ್ದರು, ಮತ್ತೆ ಕೂತು ಹೊಸೆಯುತ್ತಿದ್ದರು. ಅದು ದೇವದೂತ. ಹೀಗೆ ಮಾಡು, ಉಳಿಯುವೆ ಎಂಬುದೇ ಸಂದೇಶ. ಸ್ವಲ್ಪ ಕೆಲಸ, ಸ್ವಲ್ಪ ಪ್ರಾರ್ಥನೆ, ಮತ್ತೆ ಕೆಲಸ.

ತಂಗಿಯ ಭೇಟಿ, ಕೊನೆಯ ದಿನ

ಮುದಿ ವಯಸ್ಸಿನಲ್ಲಿ ಅಂತೋನಿಯವರು ಹೊರಬೆಟ್ಟಕ್ಕೆ ಬಂದಾಗ ತಂಗಿಯನ್ನು ಕಂಡರು. ಅವರು ಬಿಟ್ಟುಬಂದಿದ್ದ ಪುಟ್ಟ ಹುಡುಗಿಯೂ ಈಗ ಮುದುಕಿ. ಕನ್ಯೆಯಾಗಿಯೇ ಬಾಳಿ, ಬೇರೆ ಕನ್ಯೆಯರಿಗೆ ತಾನೇ ಮುಖ್ಯಸ್ಥೆಯಾಗಿದ್ದಳು. ಅಣ್ಣನಿಗೆ ಬಹಳ ಸಂತೋಷವಾಯಿತೆಂದು ಚರಿತ್ರೆ ಒಂದೇ ಮಾತಿನಲ್ಲಿ ಹೇಳಿ ಮುಂದೆ ಹೋಗುತ್ತದೆ. ಮೊದಲ ಶೋಧನೆಯಾಗಿ ಬಂದು ಹಲವು ಕಾಲ ಕಾಡಿದ ಚಿಂತೆಗೆ ಕೊನೆಗೂ ಉತ್ತರ ಸಿಕ್ಕಿತ್ತು. ಅವರು ದೇವರ ಕೈಗೆ ಬಿಟ್ಟದ್ದು ಹಾಳಾಗಿರಲಿಲ್ಲ.

356ರಲ್ಲಿ, 105ನೇ ವಯಸ್ಸಿನಲ್ಲಿ ಅವರು ತೀರಿಕೊಂಡರು. ಕಣ್ಣು ಮಂಜಾಗಿರಲಿಲ್ಲ, ಒಂದು ಹಲ್ಲೂ ಬಿದ್ದಿರಲಿಲ್ಲ ಎನ್ನುತ್ತಾರೆ ಅಥನಾಸಿಯುಸರು. ಇದ್ದ ಆಸ್ತಿಯೆಂದರೆ ಕುರಿಚರ್ಮದ ಎರಡು ಹೊದಿಕೆ, ಒಂದು ಮೇಲುಡುಗೆ, ಒಂದು ಕೂದಲಿನ ಅಂಗಿ. ಒಂದು ಚರ್ಮ ಮತ್ತು ಮೇಲುಡುಗೆ ಅಥನಾಸಿಯುಸರಿಗೆ, ಇನ್ನೊಂದು ಚರ್ಮ ತ್ಮುಯಿಸಿನ ಬಿಷಪ್ ಸೆರಾಪಿಯೋನರಿಗೆ, ಅಂಗಿ ಜೊತೆಗಿದ್ದ ಇಬ್ಬರು ಶಿಷ್ಯರಿಗೆ. ಈಜಿಪ್ಟಿನಲ್ಲಿ ಪುಣ್ಯವಂತರ ದೇಹವನ್ನು ಹೂಳದೆ ಮನೆಯಲ್ಲಿ ಇಟ್ಟುಕೊಳ್ಳುವ ರೂಢಿಯಿತ್ತು. ತಮ್ಮ ದೇಹಕ್ಕೆ ಹಾಗಾಗಬಾರದು, ಯಾರಿಗೂ ಗೊತ್ತಾಗದ ಕಡೆ ಹೂಳಬೇಕೆಂದು ಆ ಇಬ್ಬರಿಂದ ಮಾತು ತೆಗೆದುಕೊಂಡರು. ಸತ್ತ ಮೇಲೂ ಪೂಜೆಗೊಳ್ಳುವ ಆಸೆಯನ್ನು ಹೀಗೆ ಮಣ್ಣು ಮಾಡಿದರು.

ಬಳಿಕ

ಅಥನಾಸಿಯುಸರು ಬರೆದ ಚರಿತ್ರೆ ಲತೀನ್ ಭಾಷೆಗೆ ಅನುವಾದವಾಗಿ ಯೂರೋಪಿನಾದ್ಯಂತ ಹರಡಿತು. 386ರಲ್ಲಿ ಇಟಲಿಯ ಮಿಲಾನಿನಲ್ಲಿ, ತನ್ನ ಚಟಗಳನ್ನು ಬಿಡಲಾರದೆ ಒದ್ದಾಡುತ್ತಿದ್ದ ಒಬ್ಬ ಪ್ರಾಧ್ಯಾಪಕರಿಗೆ ಅತಿಥಿಯೊಬ್ಬರು ಅಂತೋನಿಯವರ ಕಥೆ ಹೇಳಿದರು. ಓದುಬರಹ ಬಾರದ ಹಳ್ಳಿಯವರು ಸ್ವರ್ಗವನ್ನು ಗೆದ್ದರು, ಓದಿದ ನಾವು ಕೆಸರಿನಲ್ಲಿದ್ದೇವೆ ಎಂಬ ಸಂಕಟದಿಂದ ಅವರು ತೋಟಕ್ಕೆ ಓಡಿ ಅತ್ತರು. ಅಂತೋನಿಯವರು ದೇವಾಲಯದಲ್ಲಿ ಕೇಳಿದ ಒಂದೇ ವಾಕ್ಯದಿಂದ ಬದಲಾದದ್ದನ್ನು ನೆನೆದು ಸಂತ ಪೌಲರ ಪತ್ರ ತೆರೆದು ಓದಿದರು. ಆ ಪ್ರಾಧ್ಯಾಪಕರೇ ಮುಂದೆ ಸಂತ ಅಗಸ್ಟೀನರಾದರು.

ಮಧ್ಯಯುಗದಲ್ಲಿ ಬೂಷ್ಟು ಹಿಡಿದ ರೈ ಧಾನ್ಯ ತಿಂದು ಕೈಕಾಲು ಉರಿದು ಕೊಳೆಯುವ ರೋಗಕ್ಕೆ ಜನ ಸಂತ ಅಂತೋನಿಯ ಬೆಂಕಿ ಎಂದು ಹೆಸರಿಟ್ಟರು. ಅವರ ಹೆಸರಿನ ಸಭೆಯವರು ಅಂಥ ರೋಗಿಗಳಿಗೆ ಆಸ್ಪತ್ರೆಗಳನ್ನು ನಡೆಸಿದರು. ಇಸೆನ್‌ಹೈಮ್‌ನ ಅಂಥ ಒಂದು ಮಠಕ್ಕಾಗಿ ಚಿತ್ರಕಾರ ಗ್ರೂನೆವಾಲ್ಡ್ 1512ರಿಂದ 1516ರ ನಡುವೆ ಬರೆದ ಬಲಿಪೀಠದ ಚಿತ್ರಗಳಲ್ಲಿ ಅಂತೋನಿಯವರ ಶೋಧನೆಯೂ ಇದೆ. ಚಿತ್ರ ಈಗ ಫ್ರಾನ್ಸಿನ ಕೊಲ್ಮಾರ್ ಪಟ್ಟಣದ ಸಂಗ್ರಹಾಲಯದಲ್ಲಿದೆ. ಹಾಸಿಗೆ ಹಿಡಿದ ರೋಗಿಗಳು ಅದನ್ನು ನೋಡಿ, ತಮ್ಮಂತೆ ನೆಲಕ್ಕೆ ಬಿದ್ದ ಒಬ್ಬ ಸಂತರನ್ನು ಕಾಣುತ್ತಿದ್ದರು. ಕೆಂಪು ಸಮುದ್ರದ ಬಳಿಯ ಆ ಬೆಟ್ಟದ ಬುಡದಲ್ಲಿ ಅವರ ಹೆಸರಿನ ಮಠ ಇಂದಿಗೂ ಇದೆ, ಕೋಪ್ಟಿಕ್ ಸನ್ಯಾಸಿಗಳು ಇಂದಿಗೂ ಅಲ್ಲಿ ಪ್ರಾರ್ಥಿಸುತ್ತಾರೆ.

ನಮಗೆ ಮರುಭೂಮಿಗೆ ಹೋಗಲು ಆಗದು, ಹೋಗಬೇಕಾಗಿಯೂ ಇಲ್ಲ. ಅಂಗಡಿಯ ಗಲ್ಲಾಪೆಟ್ಟಿಗೆಯ ಹತ್ತಿರ, ಕಚೇರಿಯ ಮೇಜಿನ ಕೆಳಗೆ ಬರುವ ಲಕೋಟೆಯ ಎದುರು, ಎಲ್ಲರೂ ಮಲಗಿದ ಮೇಲೆ ಬೆಳಗುವ ಮೊಬೈಲಿನ ಪರದೆಯ ಮುಂದೆ ನಮ್ಮ ನಮ್ಮ ಮರುಭೂಮಿ ಇದೆ. ಮನುಷ್ಯ ತಾಳಲಾರದಷ್ಟು ಶೋಧನೆಯನ್ನು ದೇವರು ಬರಗೊಡುವುದಿಲ್ಲ, ತಪ್ಪಿಸಿಕೊಳ್ಳುವ ದಾರಿಯನ್ನೂ ತೋರುತ್ತಾರೆ ಎಂಬ ಭರವಸೆಯನ್ನು ಸಂತ ಪೌಲರು ಕೊರಿಂಥದವರಿಗೆ ಬರೆದರು. ಆ ಭರವಸೆಯನ್ನು ನಂಬಿ ನೂರ ಐದು ವರ್ಷ ಬಾಳಿದ ಒಬ್ಬ ರೈತನ ಮಗನಿದ್ದರು. ಜನವರಿ 17ರಂದು ಅವರನ್ನು ನೆನೆಯುವಾಗ, ಅಂದು ರಾತ್ರಿ ಮಲಗುವ ಮೊದಲು ಒಂದು ಹಾಳೆಯಲ್ಲಿ ದಿನದ ಲೆಕ್ಕ ಬರೆದು ನೋಡೋಣ. ಮರುದಿನ ಬೆಳಗ್ಗೆ ಮತ್ತೆ ಮೊದಲಿನಿಂದ ಆರಂಭಿಸೋಣ.